ಬೋಲ್ಟಿನ ಕೊನೆಯ ಸುತ್ತು

ಹೊಳೆ ದಂಡೆಯ ಆ ಮಠದಲ್ಲಿ ಹಳೆಯವು ಮೂರೇ: ದೇವರು, ಅಜ್ಜಾರು, ಒಂದು ಬಿಳಿ ಅಂಬಾಸಿಡರ್ ಕಾರು.

ಅಜ್ಜಾರೆಂದರೆ ಮಠದ ಗುರುಗಳು. ಪೀಠಕ್ಕೆ ಬರುವ ಮೊದಲು, ಹಿಂದಿನ ಗುರುಗಳಾದ ಹಿರಿಯ ಅಜ್ಜಾರಿಗೆ ಇಪ್ಪತ್ತು ವರ್ಷ ಇದೇ ಕಾರು ಓಡಿಸಿದವರು. ಅದನ್ನು ಅವರು ಯಾರಿಂದಲೂ ಮುಚ್ಚಿಡಲಿಲ್ಲ. ಮುಚ್ಚಿಡಲು ಒದ್ದಾಡುತ್ತಿದ್ದದ್ದು ಭಕ್ತಮಂಡಳಿಯವರು.

ಪ್ರತಿ ಸೋಮವಾರ ಅಜ್ಜಾರು ಹೊಳೆಯಾಚೆಯ ಕಲ್ಲಿನ ಖಣಿಗೆ ಹೋಗುತ್ತಿದ್ದರು. ಅಲ್ಲಿ ಕಲ್ಲು ಒಡೆಯುವವರ ಕೇರಿ. ತಿಪ್ಪವ್ವನೆಂಬ ಮುದುಕಿಯ ಗುಡಿಸಲಲ್ಲಿ ಕೂತು, ರೊಟ್ಟಿ ತಿಂದು, ಕೇರಿಯವರ ಕಷ್ಟಸುಖ ಕೇಳಿ ಬರುತ್ತಿದ್ದರು.

ಗುರುಗಳು ಆ ಗುಡಿಸಲಲ್ಲಿ ಉಣ್ಣುವುದು ಮಂಡಳಿಯವರಿಗೆ ಸಹಿಸಲಾಗದ ಸಂಗತಿ. ಹಾಗೆಂದು ಬಾಯಿ ಬಿಟ್ಟು ಹೇಳುವ ಧೈರ್ಯವೂ ಅವರಿಗಿರಲಿಲ್ಲ.

ಅಷ್ಟರಲ್ಲಿ ಕಾರಿನ ಹಿಂಭಾಗದ ಭಾರ ಹೊರುವ ಕಮಾನು ಪಟ್ಟಿಗಳು, ಅಂದರೆ ಸ್ಪ್ರಿಂಗುಗಳು, ಸೋತು ಜೋತುಬಿದ್ದವು. ದಾರಿಯಲ್ಲಿ ಗುಂಡಿ ಬಂದರೆ ಸಾಕು, ಅಜ್ಜಾರ ಬೆನ್ನು ಹಿಡಿದುಕೊಳ್ಳುತ್ತಿತ್ತು. ಮಂಡಳಿಗೆ ನೆಪ ಸಿಕ್ಕಿತು.

"ಅಜ್ಜಾರ, ಈ ಗಾಡೀನ ಗಾಜಿನ ಖೋಲ್ಯಾಗ ಇಡೋಣ್ರಿ," ಎಂದರು ಮಂಡಳಿಯ ಅಧ್ಯಕ್ಷ ರಾಚಪ್ಪ ದೇಸಾಯರು. "ಹಿರಿಯ ಅಜ್ಜಾರು ಕುಂತ ಗಾಡಿ. ಭಕ್ತರು ಬಂದು ಕೈ ಮುಗೀತಾರ. ನೀವೂ ಇನ್ನ ಮಠದಾಗ ಆರಾಮ ಇರ್ರಿ."

"ನನಗೂ ಒಂದು ಗಾಜಿನ ಖೋಲಿ ಕಟ್ಟಸ್ತೀರೇನು?"

ದೇಸಾಯರು ನಗಲಿಲ್ಲ. "ಮುಂದಿನ ಸೋಮವಾರದೊಳಗ ಈ ಗಾಡಿ ನೆಟ್ಟಗಾತಂದ್ರ ನಾವು ಅಡ್ಡ ಬರೂದಿಲ್ರಿ. ಆಗಲಿಲ್ಲಂದ್ರ ಗಾಡಿ ಗಾಜಿನೊಳಗ, ನೀವು ಮಠದೊಳಗ."

"ಆತು," ಎಂದರು ಅಜ್ಜಾರು.

ಅಡುಗೆಮನೆಯಿಂದ ಗಂಗಮಾಳ ಎದ್ದು ಬಂದಳು. ಮೂವತ್ತೈದರ ಹೆಣ್ಣುಮಗಳು. ಎಂಟು ವರ್ಷದಿಂದ ಅಜ್ಜಾರ ಶಿಷ್ಯೆ, ಕಾರು ಓಡಿಸುವವಳೂ ಅವಳೇ. ತವರಿನಲ್ಲಿ ಟ್ರ್ಯಾಕ್ಟರ್ ಬಿಚ್ಚಿ ಕೂಡಿಸಿದ ಕೈ. ಬಾಯಿಯೂ ಅಷ್ಟೇ ಗಟ್ಟಿ.

"ನಾ ಮಾಡ್ತೀನ್ರಿ. ಇಲ್ಲೇ, ದನದ ಕೊಟ್ಟಿಗ್ಯಾಗ."

"ದೊಡ್ಡ ದೊಡ್ಡ ಮೇಸ್ತ್ರಿಗಳು ಕೈ ಎತ್ಯಾರ," ಎಂದರು ದೇಸಾಯರು. "ನಿನ್ನಿಂದ ಆಕ್ಕೈತೇನು?"

"ಆಗಲಿಲ್ಲಂದ್ರ ನನ್ನೂ ಒಯ್ದು ಆ ಗಾಜಿನ್ಯಾಗ ಇಡ್ರಿ."

ಗಂಗಮಾಳ ಚೀಟಿ ಬರೆದಳು. ಹೆಚ್ಚು ಪಟ್ಟಿಗಳಿರುವ ಹೊಸ ಕಮಾನು, ಹೊಸ ಶಾಕ್ ಅಬ್ಸಾರ್ಬರ್, ಕಮಾನಿನ ತುದಿಯಲ್ಲಿ ಬೋಲ್ಟಿನ ಸುತ್ತ ಕೂರುವ ರಬ್ಬರ್ ಬುಷ್. ಅಜ್ಜಾರು ಚೀಟಿ ಓದಿ, ಬುಷ್ ಎಂದಿದ್ದ ಕಡೆ 'ಎರಡು ಸೆಟ್' ಎಂದು ತಿದ್ದಿದರು.

"ಒಂದ ಸೆಟ್ ಸಾಕಲ್ರೀ ಅಜ್ಜಾರ. ಎರಡು ಯಾಕ?"

"ಕೆಲಸ ಮಾಡಾಕಿ ನೀನ ಅಲ್ಲೇನವಾ? ಅದಕ್ಕ."

ಗಂಗಮಾಳ ಎರಡು ದಿನ ಮುಖ ಊದಿಸಿಕೊಂಡೇ ಇದ್ದಳು.

ಗುರುವಾರ ಸಾಮಾನು ಬಂತು. ಶುಕ್ರವಾರ ಅವಳು ಕಾರಿಗೆ ಜಾಕ್ ಕೊಟ್ಟು ಎತ್ತಿ, ಕಟ್ಟಿಗೆಯ ದಿಮ್ಮಿ ಇಟ್ಟು ನಿಲ್ಲಿಸಿದಳು. ಹಳೆಯ ಕಮಾನು ಬಿಚ್ಚಿದಳು, ಹೊಸದು ಕೂಡಿಸಿದಳು. ಒಂದೊಂದು ಬೋಲ್ಟಿಗೂ ದೇಸಾಯರ ಹೆಸರು ಹೇಳಿ ಪಾನಾ ತಿರುಗಿಸಿದಳು.

ಅಜ್ಜಾರು ಕೋಲೂರಿಕೊಂಡು ಬಂದರು.

"ಬಿಗಿ ಆತೇನು?"

"ಇನ್ನ ಅರ್ಧ ಸುತ್ತು ಸುದ್ದಾ ಹೋಗೂದಿಲ್ರಿ. ಹಂಗ ಬಿಗಿದೀನಿ."

"ಗಾಡಿ ಎಲ್ಲೈತಿ?"

"ದಿಮ್ಮಿ ಮ್ಯಾಲೈತ್ರಿ. ಕಾಣವಲ್ತೇನ್ರಿ?"

"ಗಾಲಿ?"

"ಜೋತಾಡಾಕತ್ತಾವ್ರಿ."

"ಹಿಂಗ ಜೋತಾಡಕೋತನ ಖಣಿಗೆ ಹೋಗೂದೇನು?"

"ಅಜ್ಜಾರ, ಒಗಟು ಪುರಾಣದಾಗ ಹೇಳ್ರಿ. ನನಗೀಗ ಕೆಲಸ ಐತಿ."

ಅಜ್ಜಾರು ಬಂದ ದಾರಿಯಲ್ಲೇ ಹೊರಟುಹೋದರು.

ಶನಿವಾರ ಬೆಳಿಗ್ಗೆ ಕಾರು ನೆಲಕ್ಕಿಳಿಯಿತು. ಮೊದಲಿಗಿಂತ ನಾಲ್ಕು ಬೆರಳು ಎತ್ತರ ನಿಂತಿತ್ತು. ಗಂಗಮಾಳ ಅದರ ಬೆನ್ನು ಸವರಿದಳು. ಕಣ್ಣಲ್ಲಿ ನೀರು ಬಂತು. ಯಾರಾದರೂ ನೋಡಿಯಾರೆಂದು ಒರೆಸಿಕೊಂಡಳು.

ಒಬ್ಬಳೇ ಹೊಳೆಯ ಕಡೆ ಓಡಿಸಿದಳು. ಮೊದಲ ಗುಂಡಿ ಗೊತ್ತೇ ಆಗಲಿಲ್ಲ. ಎರಡನೆಯದಕ್ಕೆ ಹಿಂದಿನಿಂದ ಕಿರ್ರೆಂದಿತು. ಹೊಳೆಯ ಕಲ್ಲುಹಾಸಿಗೆ ಇಳಿದಾಗ ಏನೋ ಹರಿದ ಸದ್ದು ಬಂದು, ಕಾರು ಒಂದು ಮಗ್ಗುಲಿಗೆ ವಾಲಿತು.

ಮಠಕ್ಕೆ ಮರಳಿ ಬಂದು ಕೆಳಗೆ ನುಸುಳಿ ನೋಡಿದಳು. ಹೊಸ ಬುಷ್ ತಿರುಚಿಕೊಂಡು ಹರಿದಿತ್ತು.

ದೇಸಾಯರು ಮೆಟ್ಟಿಲ ಮೇಲೇ ಇದ್ದರು. "ಗಾಜಿನವರಿಗೆ ಹೇಳಿ ಕಳಸ್ಲ್ಯಾ?"

ಗಂಗಮಾಳ ಪಾನಾವನ್ನು ಅಂಗಳಕ್ಕೆ ಬೀಸಿ ಒಗೆದಳು. ಅದು ಹೋಗಿ ಅಜ್ಜಾರ ಕಾಲ ಬಳಿ ಬಿತ್ತು. ಅವರು ಎತ್ತಿಕೊಂಡು, ಕಾವಿ ಶಲ್ಯದಲ್ಲಿ ಒರೆಸಿ, ಅವಳ ಪಕ್ಕ ಬಂದು ಕೂತರು.

"ಮೈಯಾಗಿನ ಶಕ್ತಿ ಎಲ್ಲಾ ಹಾಕಿ ಬಿಗಿದಿದ್ನಿ ಅಜ್ಜಾರ!"

"ಹೌದು. ಅದಕ್ಕ ಹರೀತು."

"ಹಂಗಾದ್ರ ಸಡಿಲ ಬಿಡಬೇಕಿತ್ತೇನು? ನಾ ಸಡಿಲ ಬಿಡಾಕಿ ಅಲ್ಲ!"

"ಯಾರು ಬಿಡು ಅಂದ್ರು? ಕೈ ಚಾಚು."

ಅವಳು ಕೈ ಚಾಚಿದಳು. ಅಜ್ಜಾರು ತಮ್ಮ ಹೆಗಲ ಮೇಲಿನ ವಸ್ತ್ರ ತೆಗೆದು, ಅವಳ ಮೊಣಕೈಗೆ ಸುತ್ತಿ, ಎಳೆದು ಗಂಟು ಹಾಕಿದರು. ಒಳಗಿನಿಂದ ಒಂದು ರೊಟ್ಟಿ ತರಿಸಿ ಅದೇ ಕೈಯಲ್ಲಿಟ್ಟರು.

"ಈಗ ತಿನ್ನು."

ಗಂಗಮಾಳ ಕೈ ಮಡಚಲು ನೋಡಿದಳು. ವಸ್ತ್ರ ತೋಳನ್ನು ಕಚ್ಚಿತು. ಇನ್ನಷ್ಟು ಜೋರು ಮಾಡಿದಳು. ನೋವಿಗೆ ಕಿರುಚಿದಳು. ರೊಟ್ಟಿ ಬಾಯಿಗೆ ಬರಲಿಲ್ಲ.

ಅವಳೇ ಗಂಟು ಬಿಚ್ಚಿದಳು. ಕೈ ಮಡಚಿ, ಬಾಯಿಯ ಹತ್ತಿರ ತಂದು, ಇನ್ನೊಂದು ಕೈಯಿಂದ ವಸ್ತ್ರವನ್ನು ಮತ್ತೆ ಸುತ್ತಿದಳು. ಈ ಸಲ ಕಚ್ಚಲಿಲ್ಲ. ರೊಟ್ಟಿ ಕಡಿದಳು, ಅಗಿದು ನುಂಗಿದಳು.

"ಗಾಡಿ ಎತ್ತಿದಾಗ ಬಿಗಿದಿದ್ದ ತಪ್ಪಾತು," ಎಂದಳು ಕೊನೆಗೆ. "ಭಾರ ಬಿದ್ದು ಕಮಾನು ಬಾಗಿದಾಗ ರಬ್ಬರ್ ತಿರುಚಿತು. ಗಾಲಿ ಮ್ಯಾಲ ತಾನ ನಿಂತಾಗ ಬಿಗೀಬೇಕಿತ್ತು."

ಅಜ್ಜಾರು ಎರಡನೆಯ ಸೆಟ್ಟಿನ ಪೊಟ್ಟಣ ಅವಳ ಮಡಿಲಿಗೆ ಹಾಕಿದರು.

ಭಾನುವಾರ ಅವಳು ಹೊಸ ಬುಷ್ ಕೂಡಿಸಿದಳು. ಬೋಲ್ಟುಗಳನ್ನು ಕೈಯಲ್ಲಿ ತಿರುಗುವಷ್ಟೇ ತಿರುಗಿಸಿ ಬಿಟ್ಟಳು. ನಾಲ್ಕು ಗಾಲಿಗಳ ಕೆಳಗೂ ಖಣಿಯ ಚಪ್ಪಡಿ ಕಲ್ಲು ಪೇರಿಸಿ, ಕಾರನ್ನು ಅದರ ಕಾಲ ಮೇಲೇ ನಿಲ್ಲಿಸಿದಳು. ಕೆಳಗೆ ಒಬ್ಬರು ಮಲಗುವಷ್ಟು ಜಾಗವಾಯಿತು.

ಸೋಮವಾರ ಹೊತ್ತು ಏರುವ ಮೊದಲೇ ಪಾನಾ ಹಿಡಿದು ಕೇಳಿದಳು.

"ಅಜ್ಜಾರ, ಕೊನೇ ಸುತ್ತು ಹಾಕ್ಲೇನು?"

ಅಜ್ಜಾರು ಕಾರಿನ ಕಿಟಕಿಯೊಳಗೆ ಇಣುಕಿದರು. "ಗಾಡಿ ಖಾಲಿ ಐತಲ್ಲ."

"ಮಂದಿ ಹೋಗುವಾಗ ಹತ್ತತಾರಲ್ರಿ."

"ಖಾಲಿ ಗಾಡಿಗೆ ಬಿಗಿದು, ಮಂದಿ ಹತ್ತಿದ ಮ್ಯಾಲ ಮತ್ತ ಅಳ್ತೀಯೇನು? ತಡಿ."

ಕೋಲು ತೆಗೆದುಕೊಂಡು ಹೊಳೆಯ ಕಡೆ ಹೊರಟರು. ಗಂಗಮಾಳ ಹಿಂದೆ ಓಡಿದಳು.

"ನಡಕೊಂತ ಎಲ್ಲಿಗ್ರಿ? ಬೆನ್ನು ನೋಯತೈತ್ರಿ!"

"ಬೆನ್ನು ನಂದು. ನೀ ಪಾನಾ ನೋಡಿಕೋ."

ಹತ್ತು ಗಂಟೆಗೆ ದೇಸಾಯರು ಮಂಡಳಿಯವರನ್ನೆಲ್ಲ ಕರೆದುಕೊಂಡು ಬಂದರು. ಗಾಜಿನವನೂ ಟೇಪು ಹಿಡಿದು ಬಂದಿದ್ದ. ಗಾಡಿಗೆ ಭಾರ ಹಾಕಿಯೇ ಕೊನೆಯ ಸುತ್ತು ಬಿಗಿಯಬೇಕೆಂದು ತಿಳಿದು ದೇಸಾಯರು ಕಾರಿನ ಹಿಂದಿನ ಸೀಟಿನ ಮೇಲೆ ತಾವೇ ಒಂದು ರೇಷ್ಮೆ ಶಾಲು ಹಾಸಿದರು.

"ಭಾರ ಬೇಕಂದ್ರ ಡಿಕ್ಕಿಯೊಳಗ ಜೋಳದ ಚೀಲ ಹಾಕು. ಸೀಟು ಮುಟ್ಟಬ್ಯಾಡ. ಹಿರಿಯ ಅಜ್ಜಾರು ಕುಂತ ಜಾಗ ಅದು."

"ಅಜ್ಜಾರು ತಡಿ ಅಂದಾರ್ರಿ. ನಾ ತಡೀತೀನಿ," ಎಂದು ಗಂಗಮಾಳ ಕಾರಿನ ಕೆಳಗೆ ಹೋಗಿ ಮಲಗಿದಳು.

ಅಲ್ಲಿಂದ ಅವಳಿಗೆ ಕಾಲುಗಳಷ್ಟೇ ಕಾಣುತ್ತಿದ್ದವು. ದೇಸಾಯರ ಹೊಳೆಯುವ ಬೂಟು, ಮಂಡಳಿಯವರ ಚಪ್ಪಲಿಗಳು. ಬಹಳ ಹೊತ್ತಿನ ಮೇಲೆ ಅಜ್ಜಾರ ಕೋಲಿನ ತುದಿ ಕಂಡಿತು. ಅದರ ಹಿಂದೆ ಮೂರು ಜೊತೆ ಬರಿಗಾಲು, ಕಲ್ಲಿನ ಬಿಳಿ ಧೂಳು ಮೆತ್ತಿದ್ದವು. ಒಡೆದ ಹಿಮ್ಮಡಿ ನೋಡಿಯೇ ಒಬ್ಬಳು ತಿಪ್ಪವ್ವ ಎಂದು ಗುರುತಾಯಿತು.

ಬೂಟುಗಳು ಎರಡು ಹೆಜ್ಜೆ ಹಿಂದೆ ಸರಿದವು.

ಅಜ್ಜಾರು ಹಿಂದಿನ ಬಾಗಿಲು ತೆರೆದರು. ರೇಷ್ಮೆ ಶಾಲನ್ನು ಮಡಚಿ ದೇಸಾಯರ ಕೈಗೆ ಕೊಟ್ಟರು.

"ಹತ್ತವಾ ತಿಪ್ಪವ್ವ."

"ಬ್ಯಾಡ್ರಿ ನಮ್ಮಪ್ಪಾ. ಮೈತುಂಬ ಧೂಳೈತಿ. ನಾವು ಕೆಳಗ ಇರೂ ಮಂದಿ."

"ನಿಮ್ಮನ್ಯಾಗ ನಾ ಕುಂದರೂದಿಲ್ಲೇನು? ನಿನ್ನ ರೊಟ್ಟಿ ತಿಂದ ಭಾರಾನೂ ಈ ಗಾಡೀನ ಹೊತ್ತು ತಂದೈತಿ. ಹತ್ತು."

ತಿಪ್ಪವ್ವ ಹತ್ತಿದಳು. ಅವಳ ಹಿಂದೆ ಉಳಿದಿಬ್ಬರೂ ಹತ್ತಿದರು. ಮುಂದಿನ ಸೀಟಿನಲ್ಲಿ ಅಜ್ಜಾರು ಕೂತರು. ಕಮಾನು ಎರಡು ಬೆರಳು ಕೆಳಗಿಳಿದು ನಿಂತದ್ದನ್ನು ಗಂಗಮಾಳ ಕಣ್ಣಾರೆ ನೋಡಿದಳು.

"ಅಜ್ಜಾರ!" ದೇಸಾಯರು ಕೂಗಿದರು. "ಆ ಮಂದೀನ ಈಗಿಂದೀಗ ಇಳಸ್ರಿ. ಇಲ್ಲಂದ್ರ ಮಂಡಳಿಯವರು ಒಬ್ಬರೂ ಈ ಮಠದ ಹೊಸ್ತಿಲಾ ತುಳಿಯೂದಿಲ್ಲ. ದೀಪಕ್ಕ ಎಣ್ಣಿ ಹಾಕವರೂ ಇರೂದಿಲ್ಲ ನಿಮಗ!"

ಮೇಲೆ ಸೀಟಿನಲ್ಲಿ ತಿಪ್ಪವ್ವ ಏಳಲು ಹೋದಳು. ಕಾರು ಸ್ವಲ್ಪ ಅಲುಗಿತು. ಕೆಳಗೆ ಗಂಗಮಾಳ ಪಾನಾವನ್ನು ಬೋಲ್ಟಿಗೆ ಕೊಟ್ಟು ಹಾಗೇ ಹಿಡಿದಿದ್ದಳು.

ಅಜ್ಜಾರು ತಿಪ್ಪವ್ವನ ಕೈ ಹಿಡಿದು ಕೂರಿಸಿದರು. ದೇಸಾಯರ ಕಡೆ ತಿರುಗಲಿಲ್ಲ. ಕಿಟಕಿಯಿಂದ ತಲೆ ಹೊರಗೆ ಹಾಕಿ, ನೆಲದ ಕಡೆ ಬಾಗಿ ಹೇಳಿದರು:

"ಗಂಗಮಾಳಾ, ಈಗ ಬಿಗಿ."