ಡಂಗುರ ಕೆಳಗಿಟ್ಟವನು

"ಗುರುಗಳೇ, ಈ ಜೀವಕೋಶಗಳು ಸತ್ತಿವೆಯೇ? ಬಿಸಾಡಿಬಿಡಲೇ?"

ಎಡಗೈಯಲ್ಲಿ ಬಟ್ಟಲು, ಬಲಗೈಯಲ್ಲಿ ಸಕ್ಕರೆ ನೀರಿನ ಸೀಸೆ ಹಿಡಿದು ಶಿಷ್ಯ ಪ್ರಯೋಗಶಾಲೆಯ ಬಾಗಿಲಲ್ಲಿ ನಿಂತು ಕೇಳಿದ. ಸಕ್ಕರೆ ಕಾಯಿಲೆ ಹೇಗೆ ಹುಟ್ಟುತ್ತದೆ ಎಂಬುದು ಅವನ ಸಂಶೋಧನೆ. ಅವನ ಬಟ್ಟಲಲ್ಲಿದ್ದವು ಮೇದೋಜ್ಜೀರಕ ಗ್ರಂಥಿಯ ಕೋಶಗಳು. ಮಗನನ್ನು ಕಳೆದುಕೊಂಡ ತಾಯಿಯೊಬ್ಬಳು, ನಾಲ್ಕು ಜನಕ್ಕೆ ಉಪಕಾರವಾಗಲಿ ಎಂದು ಅವನ ಗ್ರಂಥಿಯನ್ನು ದಾನ ಕೊಟ್ಟಿದ್ದಳು. ಅದರಲ್ಲಿ ಉಳಿದದ್ದು ಇದೊಂದೇ ಬಟ್ಟಲು.

"ಸಕ್ಕರೆ ಹಾಕಿದರೆ ಮೊದಮೊದಲು ಚೆನ್ನಾಗಿಯೇ ಇನ್ಸುಲಿನ್ ಕೊಡುತ್ತಿದ್ದವು. ಈಗ ಎಷ್ಟು ಸುರಿದರೂ ಮಿಸುಕುವುದಿಲ್ಲ. ಕೋಶಗಳೇ ಸರಿಯಿಲ್ಲ."

ಗುರುಗಳಿಗೆ ರೇಗಿತು. "ಕುಣಿಯಲಾರದವಳು ನೆಲ ಡೊಂಕು ಎಂದಳಂತೆ! ಪಾಠ ಮಾಡಿ ಮಾಡಿ ನನ್ನ ಗಂಟಲು ಒಣಗಿತು. ಕತೆಯಾದರೂ ನಿನ್ನ ತಲೆಗೆ ಹೋಗುತ್ತದೋ ನೋಡೋಣ. ಅಲ್ಲೇ ನಿಂತು ಕೇಳು."

ಒಬ್ಬ ವ್ಯಾಪಾರಿಯಿದ್ದ. ಅವನ ಬೆಲ್ಲದ ಗಾಡಿ ಊರಿಗೆ ಬಂದಾಗ ಒಬ್ಬನು ಡಂಗುರ ಬಾರಿಸುತ್ತಿದ್ದ. ಸದ್ದು ಕೇಳಿ ಜನ ಬಾಗಿಲು ತೆರೆದು, ಬೇಕಾದಷ್ಟು ಬೆಲ್ಲ ಒಳಗೆ ತೆಗೆದುಕೊಳ್ಳುತ್ತಿದ್ದರು. ವ್ಯಾಪಾರಿಗೆ ಆಸೆ ಹೆಚ್ಚಿತು. ಒಂದರ ಹಿಂದೆ ಒಂದು ಗಾಡಿ ಕಳಿಸಿದ. ಮನೆಗಳು ತುಂಬಿದವು. ಜನ ಬೇಸತ್ತು ಅಗಳಿ ಹಾಕಿಕೊಂಡರು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ವ್ಯಾಪಾರಿ ಡಂಗುರದವನನ್ನೇ ಬೈದ: "ನಿನ್ನ ಬಡಿತದಲ್ಲಿ ಜೋರಿಲ್ಲ!" ಪಾಪ, ಅವನು ಹಗಲೂ ರಾತ್ರಿ ಬಾರಿಸಿದ. ಕೊನೆಗೊಂದು ದಿನ ಡಂಗುರ ಕೆಳಗಿಟ್ಟು, ಪೊರಕೆ ಹಿಡಿದು ಬೀದಿ ಗುಡಿಸತೊಡಗಿದ.

"ಏಯ್, ನೀನು ಡಂಗುರದವನಲ್ಲವೇ?" ಎಂದ ವ್ಯಾಪಾರಿ.

"ನೆನಪಿಲ್ಲ, ಧಣಿ."

ವ್ಯಾಪಾರಿ ಅವನನ್ನು ಕೆಲಸಕ್ಕೆ ಬಾರದವನೆಂದು ಓಡಿಸಿದ. ಇನ್ನೊಬ್ಬನನ್ನು ತಂದ. ಅವನೂ ಪೊರಕೆ ಹಿಡಿದ. ಮತ್ತೊಬ್ಬನನ್ನು ತಂದ, ಅವನದೂ ಅದೇ ಪಾಡು. ಊರ ಅಜ್ಜಿಯೊಬ್ಬಳು, "ಅವರು ಸತ್ತಿಲ್ಲಪ್ಪಾ, ದಣಿದಿದ್ದಾರೆ. ನಾಲ್ಕು ದಿನ ಗಾಡಿ ನಿಲ್ಲಿಸಿ ನೋಡು, ಡಂಗುರ ಅವರ ಕೈಗೆ ತಾನಾಗಿ ಬರುತ್ತದೆ," ಎಂದಳು. ಆ ಮಹಾನುಭಾವ ಕೇಳಿದನೇ? ಗಾಡಿಗಳು ಬರುತ್ತಲೇ ಇದ್ದವು. ಬೆಲ್ಲ ಕರಗಿ ಬೀದಿಯಲ್ಲಿ ಹರಿಯಿತು. ಇರುವೆ ಮುತ್ತಿ ಊರೇ ಹಾಳಾಯಿತು.

ಶಿಷ್ಯನಿಗೆ ತಡೆಯಲಾಗಲಿಲ್ಲ. "ಎಂಥ ಮೂರ್ಖ! ಗಾಡಿ ನಿಲ್ಲಿಸಿದ್ದರೆ ಸಾಕಿತ್ತಲ್ಲ! ದಣಿದವರನ್ನು ಓಡಿಸಿದನೇ?"

ಗುರುಗಳು ಹಣೆ ಹಣೆ ಚಚ್ಚಿಕೊಂಡರು. ಆಮೇಲೆ ಕೈ ಚಾಚಿ ಹೇಳಿದರು:

"ಹಾಗಾದರೆ ಎಡಗೈಯಲ್ಲಿರುವ ಬಟ್ಟಲನ್ನು ನನಗೆ ಕೊಡು, ಬಲಗೈಯಲ್ಲಿರುವ ಸಕ್ಕರೆ ನೀರನ್ನು ಬಿಸಾಡು."