ಫಲಕ ಕಂಡು ಚೀಲ ಇಳಿಸಿದವನು

ಕಳೆದ ವರ್ಷ ಜುಲೈ ತಿಂಗಳ ಎರಡನೆಯ ಭಾನುವಾರ, ಬೆಳಗ್ಗೆ ಹತ್ತೂವರೆಗೆ, ಶಿಷ್ಯ ಗುರುಗಳನ್ನು ಕೇಳಿದ: "ಸಾರ್, ಎರಡು ಫೋನ್ ನೋಡಿಟ್ಟಿದ್ದೇನೆ. ಯಾವುದನ್ನು ಕೊಳ್ಳಲಿ?"

ಶಿಷ್ಯನ ಹೆಸರು ಮುರಿಗೇಶ. ಅವನು ಒಂದು ರಕ್ತಪರೀಕ್ಷಾ ಕೇಂದ್ರದ ನೌಕರ. ಬೆಳಗ್ಗೆ ಮನೆಮನೆಗೆ ಹೋಗಿ ರಕ್ತ ತೆಗೆಯುತ್ತಿದ್ದ. ಸಂಜೆ ತನ್ನ ಫೋನಿನಿಂದಲೇ ಅವರವರ ವರದಿ ಕಳಿಸುತ್ತಿದ್ದ. ಸಕ್ಕರೆ ಕಾಯಿಲೆ, ಗರ್ಭ, ಎಚ್‌ಐವಿ, ಎಲ್ಲ ವರದಿಗಳೂ ಅದರಲ್ಲಿದ್ದವು. ಗುರುಗಳು ಹಾಲಪ್ಪ ಮೇಷ್ಟ್ರು, ಹೈಸ್ಕೂಲಿನಲ್ಲಿ ಅವನಿಗೆ ವಿಜ್ಞಾನ ಕಲಿಸಿದವರು. ನಿವೃತ್ತರಾದ ಮೇಲೆ ಮನೆಯಲ್ಲೇ ರೇಡಿಯೊ, ಫೋನು ರಿಪೇರಿ ಮಾಡುತ್ತಿದ್ದರು. ಮುರಿಗೇಶನ ಹಳೆಯ ಫೋನಿನ ಪರದೆ ಒಡೆದಿತ್ತು. ಅವನು ತಂದಿದ್ದ ಕೇಂದ್ರದ ಲ್ಯಾಪ್‌ಟಾಪಿಗೆ ಗುರುಗಳು ಆ ವರದಿಗಳನ್ನು ಇಳಿಸುತ್ತಿದ್ದರು.

"ಎರಡಕ್ಕೂ ವ್ಯತ್ಯಾಸವೇನು?" ಎಂದರು ಗುರುಗಳು.

"ಒಂದಕ್ಕೆ ಇನ್ನೂ ಐದು ವರ್ಷ ಸುರಕ್ಷತೆಯ ಅಪ್‌ಡೇಟ್ ಬರುತ್ತದೆ. ಕ್ಯಾಮೆರಾ ಸುಮಾರು. ಇನ್ನೊಂದಕ್ಕೆ ಅಪ್‌ಡೇಟ್ ನಿಂತು ಎರಡು ವರ್ಷವಾಯಿತು, ಆದರೆ ನೋಡಲು ಚೆಂದ. ಬಸ್‌ಸ್ಟ್ಯಾಂಡಿನಲ್ಲಿ, ಚಹಾದ ಅಂಗಡಿಯಲ್ಲಿ, ಗುರುತಿನ ಹೆಸರಿನ ವೈಫೈ ಕಂಡರೆ ಸಾಕು, ತಾನೇ ಸೇರಿಕೊಳ್ಳುತ್ತದೆ. ಇದರಲ್ಲಿ ಅಪಾಯವಿದೆಯಾ ಅಂತ ಕೇಳಿದರೆ ಅಂಗಡಿಯವನು ನಕ್ಕುಬಿಟ್ಟ ಸಾರ್. 'ನೀವೇನು ಬ್ಯಾಂಕ್ ಮ್ಯಾನೇಜರಾ?' ಅಂದ. ಸಿಟ್ಟು ಬಂತು. ಆಮೇಲೆ ಯೋಚಿಸಿದೆ. ಅವನು ಹೇಳಿದ್ದೂ ಸರಿಯೇ. ನನ್ನ ಫೋನಿನಲ್ಲಿ ಕದಿಯುವಂಥ ನನ್ನದೇನಿದೆ?"

ಗುರುಗಳು ಸ್ಕ್ರೂಡ್ರೈವರನ್ನು ಮೇಜಿನ ಮೇಲಿಟ್ಟು ಈ ಕತೆ ಹೇಳಿದರು.

ಒಬ್ಬ ವರ್ತಕನಿದ್ದ. ಊರಿನವರ ಓಲೆಗಳನ್ನು ದೂರದ ಊರುಗಳಿಗೆ ತಲುಪಿಸುವುದು ಅವನ ಕಸುಬು. ದಾರಿಯುದ್ದಕ್ಕೂ ಚಾವಡಿಗಳಿದ್ದವು. ಓಲೆಕಾರ ಚಾವಡಿಯಲ್ಲಿ ಚೀಲ ಇಳಿಸಬೇಕು; ಅಲ್ಲಿಯವನು ಚೀಲ ಬಿಚ್ಚಿ, ಆ ಸೀಮೆಯ ಓಲೆಗಳನ್ನು ತೆಗೆದುಕೊಂಡು, ಉಳಿದವನ್ನು ಮತ್ತೆ ಕಟ್ಟಿಕೊಡಬೇಕು. ಮೋಸವಾಗದಿರಲೆಂದು ಚಾವಡಿಯವನು ಒಂದು ಗುರುತಿನ ಮಾತು ಹೇಳುವ ಕ್ರಮವಿತ್ತು. ಆ ಮಾತು ತಿಂಗಳಿಗೊಮ್ಮೆ ಬದಲಾಗುತ್ತಿತ್ತು.

ವರ್ತಕನಿಗೆ ಒಬ್ಬ ಓಲೆಕಾರ ಬೇಕಾಗಿತ್ತು. ಇಬ್ಬರು ಬಂದರು. ಮೊದಲನೆಯವನು ತಿಂಗಳು ತಿಂಗಳೂ ಹೊಸ ಮಾತು ಕಲಿಯುತ್ತಿದ್ದ. ಗುರುತಿನ ಮಾತು ತಪ್ಪಿದರೆ ಸುಡುಬಿಸಿಲಿನಲ್ಲೂ ಚೀಲ ಇಳಿಸುತ್ತಿರಲಿಲ್ಲ. ಹಾಗಾಗಿ ತಡವಾಗುತ್ತಿತ್ತು. ನಡೆನುಡಿಯೂ ಒರಟು. ಎರಡನೆಯವನು ಹೊಸ ಮಾತು ಕಲಿಯುವುದನ್ನು ಬಿಟ್ಟು ಎರಡು ವರ್ಷವಾಗಿತ್ತು. 'ಚಾವಡಿ' ಎಂಬ ಫಲಕ ಕಂಡರೆ ಸಾಕು, ಚೀಲ ಇಳಿಸುತ್ತಿದ್ದ. ಓಟ ಚುರುಕು, ನಗುಮುಖ, ಕೆಂಪು ರುಮಾಲು.

ವರ್ತಕ ಎರಡನೆಯವನನ್ನೇ ಆರಿಸಿದ. ಅವನ ಗುಮಾಸ್ತ ಅನುಮಾನಿಸಿದಾಗ, "ಚೀಲದಲ್ಲಿ ನನ್ನದೇನಿದೆ?" ಎಂದ.

ಹೆದ್ದಾರಿಯಲ್ಲಿ ಒಬ್ಬ ಠಕ್ಕನಿದ್ದ. ಅವನು ನಿಜವಾದ ಚಾವಡಿಗೆ ಅರ್ಧ ಹರದಾರಿ ಮೊದಲೇ ಒಂದು ಚಪ್ಪರ ಹಾಕಿ, ಅದೇ ಅಕ್ಷರದಲ್ಲಿ 'ಚಾವಡಿ' ಎಂದು ಬರೆದ ಫಲಕ ತೂಗುಹಾಕಿದ. ಓಲೆಕಾರನಿಗೆ ಮಜ್ಜಿಗೆ ಕೊಟ್ಟ. ಓಲೆಕಾರ ಮಜ್ಜಿಗೆ ಕುಡಿಯುವಷ್ಟರಲ್ಲಿ ಓಲೆಗಳನ್ನು ಬಿಚ್ಚಿ, ಓದಿ, ಬೇಕಾದ್ದನ್ನು ಬರೆದುಕೊಂಡು, ಮೊದಲಿನಂತೆಯೇ ಮುದ್ರೆ ಹಾಕಿದ. ಹನ್ನೊಂದು ತಿಂಗಳು ಹೀಗೆ ನಡೆಯಿತು. ಒಂದು ಓಲೆಯೂ ಕಳೆದುಹೋಗಲಿಲ್ಲ. ಯಾರಿಗೂ ತಿಳಿಯಲಿಲ್ಲ.

ಆ ಸೀಮೆಯಲ್ಲಿ ಒಬ್ಬ ಹೆಂಗಸಿದ್ದಳು. ಗಂಡನ ಹೊಡೆತ ತಾಳದೆ ಮಗುವಿನೊಂದಿಗೆ ಊರು ಬಿಟ್ಟಿದ್ದಳು. ತಾನೆಲ್ಲಿದ್ದೇನೆಂದು ತಾಯಿಗೆ ಮಾತ್ರ ಬರೆದಳು. ಠಕ್ಕ ಆ ಓಲೆಯನ್ನು ಓದಿ, ಅದರಲ್ಲಿದ್ದ ವಿಳಾಸವನ್ನು, ಅವಳನ್ನು ಹುಡುಕುತ್ತಿದ್ದ ಗಂಡನಿಗೆ ಮಾರಿದ. ಮೂರನೆಯ ದಿನ ಗಂಡ ಅವಳ ಬಾಗಿಲಲ್ಲಿ ನಿಂತಿದ್ದ. ಅವಳ ಕೈ ಮುರಿದು ಮಗುವನ್ನು ಎತ್ತಿಕೊಂಡು ಹೋದ.

ಅವಳು ಮುರಿದ ಕೈಯನ್ನು ಎದೆಗೆ ಕಟ್ಟಿಕೊಂಡು ವರ್ತಕನ ಅಂಗಡಿಗೆ ಬಂದಳು.

"ನನ್ನ ಓಲೆ ಓದಿದವರು ಯಾರು?"

"ನೋಡಮ್ಮಾ, ಮುದ್ರೆ ಒಡೆದಿಲ್ಲ. ಓಲೆ ಕಳೆದಿಲ್ಲ. ಓಲೆಕಾರ ಫಲಕ ನೋಡಿದ, ಚೀಲ ಇಳಿಸಿದ. ನನ್ನದೇನು ತಪ್ಪು?"

"ಅವನನ್ನು ಆರಿಸಿದ್ದು ಯಾರು?"

"ನಾನೇ. ಆದರೆ ಆ ಚೀಲದಲ್ಲಿ ನನ್ನದು ಅನ್ನುವಂಥದ್ದು ಏನೂ ಇರಲಿಲ್ಲ."

"ಅದಕ್ಕೇ ನೀನು ಅವನನ್ನು ಆರಿಸಿದೆ," ಎಂದಳು ಅವಳು. "ನಿನ್ನದು ಒಂದೇ ಒಂದು ಓಲೆ ಇದ್ದಿದ್ದರೂ ಇನ್ನೊಬ್ಬನನ್ನು ಆರಿಸುತ್ತಿದ್ದೆ."

ಗುರುಗಳು ಕತೆ ನಿಲ್ಲಿಸಿದರು. ಮುರಿಗೇಶ ಎದ್ದು ನಿಂತಿದ್ದ.

"ಆ ವರ್ತಕನಿಗೆ ಏನು ಶಿಕ್ಷೆಯಾಯಿತು?"

"ಏನೂ ಆಗಲಿಲ್ಲ. ಸಂಜೆ ಎಂದಿನಂತೆ ಅಂಗಡಿ ಮುಚ್ಚಿ ಊಟಕ್ಕೆ ಹೋದ."

"ಥೂ! ಮನುಷ್ಯನೇನು ಸಾರ್ ಅವನು? ನಾಚಿಕೆಯಾದರೂ ಬೇಡವಾ? ಜನ ಅವನನ್ನು ನಂಬಿ ಕೊಟ್ಟದ್ದಲ್ಲವಾ?" ಅವನ ಧ್ವನಿ ಏರಿತ್ತು. "ಅವಳದೊಂದೇ ಅಂತೂ ಅಲ್ಲ. ಆ ಚೀಲದಲ್ಲಿ ಇನ್ನೆಷ್ಟು ಜನರದ್ದಿತ್ತು?"

ವರದಿಗಳನ್ನು ಇಳಿಸುವುದು ಆಗತಾನೇ ಮುಗಿದಿತ್ತು. ಗುರುಗಳು ಲ್ಯಾಪ್‌ಟಾಪಿನ ಪರದೆಯನ್ನು ಅವನ ಕಡೆಗೆ ತಿರುಗಿಸಿ, ಕೊನೆಯ ಸಾಲಿನಲ್ಲಿದ್ದ ಒಟ್ಟು ವರದಿಗಳ ಅಂಕಿಯನ್ನು ಓದಿದರು.

"ಮುನ್ನೂರ ನಲವತ್ತೊಂದು."