ಬಂಗುಡೆ ಬಿಟ್ಟ ನಾಯಿ

ಮೀನಿನ ಬುಟ್ಟಿ ಹೊರಲು ಗುಲಾಬಿ ಕೈ ಎತ್ತಿದರೆ ಸಾಕು, ಬೊಳ್ಳ ಎಂಬ ನಾಯಿ ಅವಳ ಎಡಗಂಕುಳಿಗೆ ಮೂಗು ತೂರಿಸುತ್ತಿತ್ತು. ಹಿಂದೆ ಅವಳ ಅತ್ತೆ ಸಾಯುವ ಮುಂಚೆ ಅತ್ತೆಯ ಮೈಯಿಂದ ಬರುತ್ತಿದ್ದ ವಾಸನೆಯೇ ಅಲ್ಲಿತ್ತು. ನಾಯಿ ಕೂತಲ್ಲಿ ಕೂರದು, ನಿಂತಲ್ಲಿ ನಿಲ್ಲದು.

“ಇದಕ್ಕೆ ಮೀನಿನ ಹುಚ್ಚು ಮಾರಾಯ್ತಿ,” ಎಂದು ಗಂಡ ಐತ ನಗುತ್ತಾ ಒಂದು ಬಂಗುಡೆ ಎಸೆಯುತ್ತಿದ್ದ. ನಾಯಿ ಅದನ್ನು ತಿಂದು ಮತ್ತೆ ಮೂಸುತ್ತಿತ್ತು.

ಒಲೆ ಬದಿಯ ಬೆಕ್ಕು ನಾಯಿಗೆ ಹೇಳಿತು, “ಕೊಟ್ಟದ್ದನ್ನೆಲ್ಲ ನುಂಗುತ್ತೀರಿ. ಹೊಟ್ಟೆಬಾಕನ ಮಾತು ಯಾರು ನಂಬುತ್ತಾರೆ?”

“ಹಾಗಾದರೆ ತಿನ್ನುವುದಿಲ್ಲ.”

“ಬಿಡಿ. ನನಗೇನೂ ನಷ್ಟವಿಲ್ಲ.”

ಮರುದಿನ ಬಂಗುಡೆ ಬಿತ್ತು. ನಾಯಿ ಜೊಲ್ಲು ಸುರಿಸುತ್ತಲೇ ಅದನ್ನು ದಾಟಿ ಹೋಗಿ ಕಂಕುಳಿಗೆ ಮೂಗಿಟ್ಟಿತು. ಮೀನನ್ನು ಬೆಕ್ಕು ಎತ್ತಿಕೊಂಡು ಹೋಯಿತು. ಮೂರನೆಯ ದಿನವೂ ಹಾಗೇ ಆದಾಗ ಐತನ ನಗು ನಿಂತಿತು.

“ಅಲ್ಲೇನುಂಟು, ನೋಡುವ,” ಎಂದು ಮುಟ್ಟಿದ. ಬೆರಳಿಗೆ ಹುಣಸೆ ಬೀಜದಷ್ಟು ಗಂಟು ಸಿಕ್ಕಿತು. ಇಬ್ಬರೂ ಬುಟ್ಟಿಯನ್ನು ಅಂಗಳದಲ್ಲೇ ಬಿಟ್ಟು ಆಸ್ಪತ್ರೆಯ ದಾರಿ ಹಿಡಿದರು.

ನಾಯಿ ಬುಟ್ಟಿಯ ಪಕ್ಕದಲ್ಲಿ ಕೂತಿತು.

“ಈಗ ಯಾರೂ ಇಲ್ಲ. ಇನ್ನಾದರೂ ತಿನ್ನಿ,” ಎಂದಿತು ಬೆಕ್ಕು.

“ಅವಳು ಬರಲಿ,” ಎಂದಿತು ನಾಯಿ, ದಾರಿ ನೋಡುತ್ತಾ.